ಕೋರಮಂಡಲ್ ತುದಿಯ ಬೆಳಕು

ಬಂಗಾರಪೇಟೆಯ ನಮ್ಮ ಇಂಟರ್ನೆಟ್ ಕಚೇರಿಗೆ ನಾನು ಬೆಳಗ್ಗೆ ಎಂಟಕ್ಕೆ ಹೋಗುತ್ತೇನೆ. ಎಂಟೂ ಐದಕ್ಕಲ್ಲ, ಎಂಟಕ್ಕೆ. ಚಿನ್ನದ ಗಣಿಯ ಎಲೆಕ್ಟ್ರಿಕ್ ವರ್ಕ್‌ಶಾಪಿನಲ್ಲಿ ಪಳಗಿದ ಮೈ ಇದು. ಅಲ್ಲಿ ಸೈರನ್ ಕೂಗಿದ ಮೇಲೆ ಗೇಟು ದಾಟಿದವನಿಗೆ ಅಂದಿನ ಹಾಜರಿ ಇರುತ್ತಿರಲಿಲ್ಲ. ಗಣಿ ಮುಚ್ಚಿದಾಗ ನಾನಿನ್ನೂ ಗಟ್ಟಿಮುಟ್ಟಾಗಿದ್ದೆ. ಕೆಲವು ವರ್ಷ ಕೇಬಲ್ ಟಿವಿಯ ವೈರು ಎಳೆದೆ. ಆಮೇಲೆ ಫೈಬರ್ ಬಂತು. ಕೂದಲೆಳೆಯಷ್ಟು ಸಣ್ಣ ಗಾಜಿನೊಳಗೆ ಬೆಳಕು ಮೈಲಿಗಟ್ಟಲೆ ಓಡುತ್ತದೆ ಎಂದು ತಿಳಿದ ದಿನ ಮನೆಗೆ ಬಂದು ಹೆಂಡತಿಗೆ ಮೂರು ಸಲ ಹೇಳಿದ್ದೆ. ಈಗ ವಯಸ್ಸು ಎಪ್ಪತ್ತರ ಹತ್ತಿರ. ಆ ಬೆರಗು ಮಾತ್ರ ಎಳ್ಳಷ್ಟೂ ಕಮ್ಮಿಯಾಗಿಲ್ಲ.

ಹೋದ ದಸರಾ ರಜೆ ಮುಗಿದ ಮಾರನೆಯ ದಿನ, ಎಂಟೂ ಇಪ್ಪತ್ತಕ್ಕೆ ಫೋನ್ ಬಂತು. ಗಣಿ ಊರಿನ ಒಂದು ಭಾಗವಾದ ಕೋರಮಂಡಲ್‌ನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಡಂ.

"ಸಾರ್, ಲಿಂಕ್ ಹೋಗ್ತಾ ಬರ್ತಾ ಇದೆ. ಎರಡು ನಿಮಿಷ ನಿಲ್ತಿಲ್ಲ. ಇವತ್ತು ಎರಡು ಗಂಟೆಗೆ ಅವರು ಬರ್ತಾರೆ ಸಾರ್."

ಯಾರು ಬರುತ್ತಾರೆ ಎಂದು ನಾನು ಕೇಳಬೇಕಾಗಿರಲಿಲ್ಲ. ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಈಗ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ನಮ್ಮ ಕಡೆಯವರಿಗೆ ಅದರ ಕೇಂದ್ರ ಬೆಂಗಳೂರಿನಲ್ಲಿ, ಅದೂ ಊರಿನ ಆ ಕೊನೆಯಲ್ಲಿ ಬೀಳುತ್ತದೆ. ಬೇತಮಂಗಲದ ಆಚೆ ಹಳ್ಳಿಯ ಹುಡುಗಿ ಕೋಳಿ ಕೂಗುವ ಮೊದಲೇ ಎದ್ದು, ಯಾರದೋ ಗಾಡಿ ಹಿಡಿದು ಬಂಗಾರಪೇಟೆಗೆ ಬಂದು, ಮೊದಲ ರೈಲು ಹತ್ತಬೇಕು. ಈ ಮೇಡಂ ತಮ್ಮ ಪ್ರಾಯದಲ್ಲಿ ಹಾಗೆ ಹೋದವರೇ. ರೈಲು ತಡವಾಗಿ, ಮುಚ್ಚಿದ ಗೇಟಿನ ಮುಂದೆ ನಿಂತು ವಾಪಸು ಬಂದವರು. ಕೋರಮಂಡಲ್‌ನಲ್ಲೇ ಒಂದು ಕೇಂದ್ರ ಆಗಬೇಕೆಂದು ಎರಡು ವರ್ಷ ಕಾಗದ ಬರೆದು, ಕಚೇರಿ ಕಚೇರಿ ಅಲೆದು, ನಲವತ್ತು ಕಂಪ್ಯೂಟರ್ ಕೂಡಿಸಿದ್ದರು. ಅಂದು ಬೆಂಗಳೂರಿನಿಂದ ತಪಾಸಣೆಯ ಅಧಿಕಾರಿ ಬರುವವರಿದ್ದರು. ಎರಡರಿಂದ ನಾಲ್ಕರವರೆಗೆ ನಲವತ್ತೂ ಕಂಪ್ಯೂಟರಿನಲ್ಲಿ ಅಣಕು ಪರೀಕ್ಷೆ ಓಡಿಸುತ್ತಾರೆ. ನಡುವೆ ಒಂದೇ ಒಂದು ಸಲ ಲಿಂಕ್ ಕಡಿದರೂ ಈ ವರ್ಷ ಕೇಂದ್ರವಿಲ್ಲ. ಪಟ್ಟಿ ಅಂದೇ ಸಂಜೆ ಐದಕ್ಕೆ ಮುಗಿಯುತ್ತಿತ್ತು.

ನನ್ನ ಚೀಲ ಯಾವಾಗಲೂ ತಯಾರು. ಬಲಗಡೆ ಬೆಳಕು ಅಳೆಯುವ ಪವರ್ ಮೀಟರ್, ಎಡಗಡೆ ಒರೆಸುವ ಕಡ್ಡಿಗಳು, ನಡುವೆ ಪುಸ್ತಕ, ಪೆನ್ಸಿಲು. ಕಣ್ಣು ಮುಚ್ಚಿಕೊಂಡೇ ತೆಗೆಯಬಲ್ಲೆ. ಫೈಬರ್ ಬೆಸೆಯುವ ನಮ್ಮ ಹೆಣ್ಣುಮಗಳು ಆಗಲೇ ಸ್ಕೂಟರ್ ಸ್ಟಾರ್ಟ್ ಮಾಡಿದ್ದಳು. ಬೇತಮಂಗಲದ ಕಡೆಯ ರೈತರ ಮನೆಯ ಸೊಸೆ, ಮೂವತ್ತರ ಆಸುಪಾಸು. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಕೆಲಸಕ್ಕೆ ಬರುವವಳು. ಹರಿದ ಗಾಜಿನೆಳೆಯನ್ನು ಇವಳ ಹಾಗೆ ಬೆಸೆಯುವ ಕೈ ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

"ತಾತಾ, ಗಟ್ಟಿಯಾಗಿ ಇಡ್ಕಾ. ಬಿದ್ರೆ ನಿನ್ ಪುಸ್ತಕದಾಗೆ ಅದನ್ನೂ ಬರೀಬೇಕಾಯ್ತದೆ!"

ಅರ್ಧ ಗಂಟೆಯ ದಾರಿ. ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಗಲ್ಲ. ಗಣಿಯಲ್ಲಿ ದೊಡ್ಡ ಮೋಟಾರು ನಿಂತಿತೆಂದು ಸುದ್ದಿ ಬಂದಾಗಲೂ ನನಗೆ ಹೀಗೇ ಆಗುತ್ತಿತ್ತು. ಎಲ್ಲೋ ಒಂದು ಕಡೆ ಕಾರಣ ಕೂತಿದೆ, ಹೋಗಿ ಹಿಡಿಯಬೇಕು!

ಲ್ಯಾಬಿನ ಬಾಗಿಲಲ್ಲೇ ಅಟೆಂಡರ್ ನಿಂತಿದ್ದ. ನಂದಿದುರ್ಗ ಗಣಿಯ ಕೂಲಿಕಾರರ ಲೈನ್ ಮನೆಗಳವನು, ಮನೆಮಾತು ತಮಿಳು, ಒಂದು ಕಾಲಕ್ಕೆ ಗಣಿಯೊಳಗೆ ಬಂಡೆ ಕೊರೆಯುವ ಗ್ಯಾಂಗಿನಲ್ಲಿದ್ದವನು. ನನಗೆ ಅಂದಿನಿಂದಲೂ ಗೊತ್ತು. ಅವನಿಗೆ ನಾನು ಇವತ್ತಿಗೂ ಮೇಸ್ತ್ರಿ.

"ವಾಂಗ ಮೇಸ್ತ್ರಿ, ಬನ್ನಿ. ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ. ಅದ್ಕೆ ಒಳ್ಳೇ ಪಿಡಿವಾದ. ಹಟ ಬಿಡಲ್ಲ."

"ನಾಲ್ಕನೇ ಸಲ ಮಾಡ್ಬೇಡ. ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೋ," ಎಂದೆ.

ನಮ್ಮ ಶಾಪಿನ ಮೊದಲ ಪಾಠ ಅದು. ಕೆಟ್ಟ ಯಂತ್ರದ ಮುಂದೆ ಮೊದಲು ಕೈ ಹಿಂದಕ್ಕೆ, ಕಣ್ಣು ಮುಂದಕ್ಕೆ, ಆಮೇಲೆ ಪೆನ್ಸಿಲು. ಮುಟ್ಟುವುದು ಕೊನೆಗೆ. ಮುಟ್ಟಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಸರಿಯಾದದ್ದು ಯಾವುದರಿಂದ ಎಂದು ದೇವರಿಗೂ ಗೊತ್ತಾಗುವುದಿಲ್ಲ.

ನೋಡಿದೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ. ಬಂಗಾರಪೇಟೆಯಿಂದ ಬಂದ ಫೈಬರ್ ಅದರೊಳಗೆ ಮುಗಿಯುತ್ತದೆ. ಅಲ್ಲಿಂದ ಮೊಳದುದ್ದದ, ಜೋಡಿ ಎಳೆಯ ಹಳದಿ ಪ್ಯಾಚ್ ಕೇಬಲ್, ಎಲ್ಲ ಕಂಪ್ಯೂಟರಿಗೂ ಲಿಂಕ್ ಹಂಚುವ ಸ್ವಿಚ್ಚಿಗೆ ಬರುತ್ತದೆ. ಸ್ವಿಚ್ಚಿನಲ್ಲಿ ಆ ಕೇಬಲ್ ಕೂರುವುದು ಹೆಬ್ಬೆರಳುದ್ದದ ಲೋಹದ ಡಬ್ಬಿಯೊಳಗೆ. ನಾವು ಮಾಡ್ಯೂಲ್ ಎನ್ನುತ್ತೇವೆ. ಅದಕ್ಕೆ ಎರಡು ತೂತು. ಒಂದರಿಂದ ಬೆಳಕು ಕಳಿಸುತ್ತದೆ, ಇನ್ನೊಂದರಿಂದ ಬಂದ ಬೆಳಕನ್ನು ತೆಗೆದುಕೊಳ್ಳುತ್ತದೆ. ಮಾಡ್ಯೂಲಿನ ಪಕ್ಕದ ಹಸಿರು ದೀಪ ಉರಿಯಿತು, ಆರಿತು, ಮತ್ತೆ ಉರಿಯಿತು. ಸ್ವಿಚ್ಚು ಬರೆದಿಟ್ಟ ದಾಖಲೆ ತೆರೆದೆ. ಬೆಳಗ್ಗೆ ಎಂಟರಿಂದ ಹದಿನೇಳು ಸಲ ಕಡಿದಿತ್ತು.

ಮಾಡ್ಯೂಲಿಗೆ ಒಂದು ಒಳ್ಳೆಯ ಗುಣವಿದೆ. ತನಗೆ ಎಷ್ಟು ಬೆಳಕು ಸಿಗುತ್ತಿದೆ ಎಂದು ತಾನೇ ಹೇಳುತ್ತದೆ. ಮೈನಸ್ ಲೆಕ್ಕ ಅದು. ಅಂಕಿ ದೊಡ್ಡದಾದಷ್ಟೂ ಬೆಳಕು ಮಂಕು. ನನ್ನ ಪುಸ್ತಕ ತೆರೆದೆ. ಈ ಲಿಂಕ್ ಕೂಡಿಸಿದ ದಿನ ಕೋರಮಂಡಲ್ ತುದಿಯಲ್ಲಿ ಮೈನಸ್ ಹನ್ನೊಂದು. ಈಗ ಪರದೆಯ ಮೇಲೆ ಮೈನಸ್ ಇಪ್ಪತ್ತಮೂರು! ಇನ್ನೊಂದು ಮೆಟ್ಟಿಲು ಇಳಿದರೆ ಮಾಡ್ಯೂಲಿಗೆ ಏನೂ ಕಾಣುವುದಿಲ್ಲ. ಉರಿದು ಆರುವ ದೀಪದ ಅರ್ಥ ಅದೇ. ಅದು ಕತ್ತಲೆಯ ಅಂಚಿನಲ್ಲಿ ನಿಂತು ತಡಕಾಡುತ್ತಿತ್ತು.

ಕಚೇರಿಗೆ ಫೋನ್ ಮಾಡಿ ಬಂಗಾರಪೇಟೆ ತುದಿಯ ಅಂಕಿ ಓದಿಸಿದೆ. ಅಲ್ಲಿಗೆ ಬರುವ ಬೆಳಕು ಸರಿ, ಅಲ್ಲಿಂದ ಹೊರಡುವ ಬೆಳಕೂ ಸರಿ. ಅಂದರೆ ಇಲ್ಲಿಂದ ಹೋಗುವ ದಾರಿ ಚೆನ್ನಾಗಿದೆ, ಬರುವ ದಾರಿಯಲ್ಲಿ ಮಾತ್ರ ಯಾರೋ ಬೆಳಕು ತಿನ್ನುತ್ತಿದ್ದಾರೆ.

"ರೋಡ್ ಪಕ್ಕ ಪೈಪ್‌ಗೆ ಅಗೀತಾ ಅವ್ರೆ ತಾತಾ. ಅಲ್ಲೇ ಫೈಬರ್ ಕಟ್ಟಾಗದೆ. ನಾನು ಓಗಿ ಬೆಸ್ದು ಬತ್ತೀನಿ," ಎಂದು ನಮ್ಮ ಹೆಣ್ಣುಮಗಳು ಹೊರಟೇ ಬಿಟ್ಟಳು.

"ನಿಂತ್ಕೋ ಅಮ್ಮಣ್ಣಿ. ಹತ್ತು ಮೈಲಿ ಹುಡುಕೋ ಮೊದ್ಲು ಹತ್ತು ಅಡಿ ಹುಡುಕೋಣ."

"ನೀನು ಬರ್ಕೊಂಡು ಮುಗ್ಸೋ ಒತ್ಗೆ ಎರಡು ಗಂಟೆ ಆಗೋಯ್ತದೆ."

ಮೇಡಂ ಗಡಿಯಾರ ನೋಡಿದರು. ಹತ್ತೂವರೆ ದಾಟಿತ್ತು. ಅದನ್ನು ಕಂಡು ನಾನೂ ಆತುರಪಟ್ಟೆ. ಹೊಸ ಮಾಡ್ಯೂಲನ್ನು ಚೀಲದಿಂದ ತೆಗೆದು ಹಳೆಯದರ ಜಾಗಕ್ಕೆ ತಳ್ಳಿ, ಅದೇ ಹಳದಿ ಕೇಬಲನ್ನು ಅದಕ್ಕೆ ಚುಚ್ಚಿದೆ. ಮೈನಸ್ ಇಪ್ಪತ್ತಮೂರು. ಕೂದಲಷ್ಟೂ ವ್ಯತ್ಯಾಸವಿಲ್ಲ. ಸರಿ, ಕೆಟ್ಟಿದ್ದು ಮಾಡ್ಯೂಲಲ್ಲ ಎಂದು ಬರೆದೆ. ಆ ಗಳಿಗೆಯಲ್ಲಿ ನಾನೊಂದು ತಪ್ಪು ಮಾಡಿದ್ದೆ. ಅದು ತಿಳಿದದ್ದು ಆಮೇಲೆ.

ಈಗ ಗೋಡೆಯ ಪೆಟ್ಟಿಗೆ. ಅಲ್ಲಿನ ಕೇಬಲ್ ಬಿಚ್ಚಿ, ನನ್ನ ಶುದ್ಧವಾದ ತುಂಡಿನಿಂದ ಪವರ್ ಮೀಟರ್ ಜೋಡಿಸಿದೆ. ಅಟೆಂಡರ್ ಬಗ್ಗಿ, ಬಿಚ್ಚಿದ ತೂತಿನೊಳಗೆ ಒಂದು ಕಣ್ಣು ಮುಚ್ಚಿ ಇಣುಕಲು ಬಂದ.

"ಲೇ! ಕಣ್ಣು ಹೋಗ್ತದೆ ಕಣ್ಲಾ. ಕಾಣ್ದೇ ಇರೋ ಬೆಳ್ಕು ಅದು, ಕಣ್ಣಿಟ್ಟು ನೋಡ್ಬಾರ್ದು!" ಎಂದು ಗದರಿದೆ.

"ಕಾಣ್ದೇ ಇರೋದು ಬೆಳಕು ಹೆಂಗಾಯ್ತದೆ ಮೇಸ್ತ್ರಿ?" ಎಂದು ಅವನು ಹಿಂದೆ ಸರಿದ.

ಮೀಟರಿನ ಅಂಕಿ ಓಡಿ ನಿಂತಿತು. ಮೈನಸ್ ಹತ್ತೂವರೆ. ನಾನು ಕೂಗಿದೆ. ನಿಜವಾಗಿ ಕೂಗಿದೆ, ಪಕ್ಕದ ತರಗತಿಯಿಂದ ಯಾರೋ ಬಂದು ಇಣುಕಿದರು. ಬೆಳಕು ಬಂಗಾರಪೇಟೆಯಿಂದ ಹೊರಟು, ರೈಲು ಹಳಿ ದಾಟಿ, ಗಣಿ ಮಣ್ಣಿನ ದಿಬ್ಬಗಳ ಮಗ್ಗುಲಲ್ಲಿ ಕಂಬದಿಂದ ಕಂಬಕ್ಕೆ ಹಾಯ್ದು, ರಸ್ತೆ ಪಕ್ಕ ನೆಲದಡಿ ನುಸುಳಿ, ಈ ಗೋಡೆಯವರೆಗೆ ಕೊಬ್ಬಿದ ಗೂಳಿಯ ಹಾಗೆ ಬಂದಿದೆ. ಬಂದು, ಕೊನೆಯ ಒಂದು ಮೊಳದಲ್ಲಿ ಮಂಡಿಯೂರಿದೆ!

"ರಸ್ತೆಗೆ ಓಗಿದ್ರೆ ಇಡೀ ದಿನ ಬಿಸ್ಲಲ್ಲಿ ಬೇಯ್ತಿದ್ದೆ ಅಲ್ವಾ ತಾತಾ?" ಎಂದಳು ನಮ್ಮವಳು.

"ಬರ್ಕೋ ಅದನ್ನ," ಎಂದೆ.

ಹಳದಿ ಕೇಬಲಿನ ಸ್ವಿಚ್ಚಿನ ಕಡೆಯ ತುದಿಯನ್ನು ಚಿಕ್ಕ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಇದಕ್ಕೊಂದು ಪುಟ್ಟ ಪರದೆ ಇದೆ, ಕಣ್ಣಿಡಬೇಕಾಗಿಲ್ಲ. ಒಳ್ಳೆಯ ತುದಿ ಹುಣ್ಣಿಮೆಯ ಚಂದ್ರನ ಹಾಗೆ ನುಣ್ಣಗೆ, ನಡುವೆ ಸಣ್ಣ ಚುಕ್ಕೆ. ಆ ಚುಕ್ಕೆಯಲ್ಲೇ ಬೆಳಕು ಓಡುವುದು. ಇಲ್ಲಿ ಚಂದ್ರನೇ ಇರಲಿಲ್ಲ. ಉತ್ತ ಹೊಲದ ಹಾಗೆ ಹೆಂಟೆ ಹೆಂಟೆ. ಧೂಳು ಇಷ್ಟು ದಪ್ಪ ಕೂರುವುದಿಲ್ಲ. ಒರೆಸುವ ಕಡ್ಡಿಗೆ ಸ್ಪಿರಿಟ್ ತಾಗಿಸಿ ತುದಿಗೆ ಒಮ್ಮೆ ಒತ್ತಿ ತೆಗೆದೆ. ಬಿಳಿಯ ಕಡ್ಡಿ ಕೆಂಪಾಗಿತ್ತು.

"ಅಯ್ಯೋ, ರಕ್ತಾನಾ?" ಎಂದಳು ಅವಳು.

ಮೂಸಿದೆ. ಸ್ಪಿರಿಟ್ಟಿನ ಘಾಟಿನ ಹಿಂದೆ ಗಂಧದ ವಾಸನೆ. ರಕ್ತವಲ್ಲ, ಗಂಧದಲ್ಲಿ ಕಲಸಿದ ಕುಂಕುಮ.

"ಅದು ನಾನೇ ಇಟ್ಟಿದ್ದು!" ಎಂದ ಅಟೆಂಡರ್, ಎದೆಯುಬ್ಬಿಸಿ. "ಆಯುಧಪೂಜೆಗೆ. ಎರಡು ತುದಿ, ಎರಡು ಬೊಟ್ಟು. ಗೋಡೆ ಕಡೇದು ಬಿಚ್ಚಕ್ಕೆ ಬರ್ಲಿಲ್ಲ, ಬಿಟ್ಟೆ. ರಿಜಿಸ್ಟರ್‌ನಲ್ಲಿ ಸೈನ್ ಹಾಕಿದ್ದೀನಿ, ನೋಡಿ ಬೇಕಾದ್ರೆ."

ಪೂಜೆ ಮುಗಿಸಿ, ಸ್ವಿಚ್ಚು ಆರಿಸಿ, ಬೀಗ ಹಾಕಿ ಹೋಗಿದ್ದ. ರಜೆಯೆಲ್ಲ ಗಂಧ ಒಣಗಿ ಗಟ್ಟಿಯಾಗಿತ್ತು. ಒಂದು ಬೊಟ್ಟು ಅಂಚಿಗೆ ಸರಿದು ಕೂತಿತ್ತು, ಹಾಗಾಗಿ ಹೋಗುವ ಬೆಳಕಿಗೆ ತೊಂದರೆಯಾಗಿರಲಿಲ್ಲ. ಇನ್ನೊಂದು ಸರಿಯಾಗಿ ಚುಕ್ಕೆಯ ಮೇಲೇ ಕೂತಿತ್ತು.

ಮೇಡಂ ಮುಖ ಕೆಂಪಾಯಿತು. "ಎರಡು ವರ್ಷ ಒದ್ದಾಡಿದ್ದೀನಿ. ಯಾರಪ್ಪಾ ನಿಂಗೆ ಅದನ್ನ ಬಿಚ್ಚು ಅಂದಿದ್ದು? ಯಾರು?"

ಅವನು ನನ್ನ ಕಡೆ ನೋಡಿದ. ಗಣಿಯವನು, ಮೇಸ್ತ್ರಿಯ ಹೆಸರು ಹೇಳುವುದಿಲ್ಲ.

ನನಗೆ ಆಗ ನೆನಪಾಯಿತು. ಪೂಜೆಯ ಹಿಂದಿನ ದಿನ ನಾನೇ ಫೋನ್ ಮಾಡಿದ್ದೆ. ಲ್ಯಾಬಿನಲ್ಲಿ ಪೂಜೆ ಅಚ್ಚುಕಟ್ಟಾಗಿ ಆಗಬೇಕೆಂದು ನನ್ನ ಆಸೆ. ಗಣಿಯಲ್ಲಿ ಕೊಡುತ್ತಿದ್ದ ಹಾಗೆಯೇ ಆರ್ಡರ್ ಕೊಟ್ಟಿದ್ದೆ. 'ಒಂದು ಸಾಮಾನನ್ನೂ ಬಿಡಬೇಡ. ಬಿಚ್ಚು, ಒರೆಸು, ಬೊಟ್ಟಿಡು, ಜೋಡಿಸು, ಸಹಿ ಹಾಕು.' ನನ್ನ ತಲೆಯಲ್ಲಿದ್ದದ್ದು ಕೀಬೋರ್ಡು, ಫ್ಯಾನು, ಮೇಜು. ಅವನ ತಲೆಯಲ್ಲಿದ್ದದ್ದು ಕೊರೆಯುವ ಸಲಾಕೆ. ಅವರ ಗ್ಯಾಂಗಿನಲ್ಲಿ ಸಲಾಕೆಗೆ ಕುಂಕುಮ ಇಡುತ್ತಿದ್ದದ್ದು ಹಿಡಿಗಲ್ಲ, ತುದಿಗೆ. ಬಂಡೆಗೆ ತಾಗುವುದು ತುದಿ, ಅನ್ನ ಕೊಡುವುದು ತುದಿ, ಪೂಜೆ ಅದಕ್ಕೇ. ಈ ಕೇಬಲಿನಲ್ಲೂ ಕೆಲಸ ಮಾಡುವುದು ತುದಿಯೇ ಎಂದು ಅವನು ಸರಿಯಾಗಿಯೇ ಕಂಡುಕೊಂಡಿದ್ದ.

"ನಾನು ಹೇಳಿದ್ದು ಮೇಡಂ," ಎಂದೆ. "ಆರ್ಡರ್ ನಂದು. ಅವನು ಅಕ್ಷರ ಬಿಡದೆ ಮಾಡಿದ್ದಾನೆ. ಬೈಯೋದಿದ್ರೆ ನನ್ನ ಬೈಯಿರಿ, ಆದ್ರೆ ಈಗ ಟೈಮಿಲ್ಲ."

ಅವರು ಬೈಯಲಿಲ್ಲ. "ಎಷ್ಟು ಹೊತ್ತು ಬೇಕು?" ಎಂದು ಮಾತ್ರ ಕೇಳಿದರು.

ನನ್ನ ಇನ್ನೊಂದು ತಪ್ಪು ಆಗಲೇ ನನ್ನ ಕಣ್ಣಿಗೆ ಬಿತ್ತು. ತುದಿಯನ್ನು ನೋಡದೆ ಯಾವುದಕ್ಕೂ ಜೋಡಿಸಬಾರದು. ಇದು ಫೈಬರ್ ಕೆಲಸದ ಅ ಆ ಇ ಈ. ಆ ಕುಂಕುಮದ ತುದಿಯನ್ನು ಆತುರದಲ್ಲಿ ಹೊಸ ಮಾಡ್ಯೂಲಿಗೂ ಚುಚ್ಚಿ, ಅದರ ಗಂಟಲಿಗೂ ಕುಂಕುಮ ಬಳಿದಿದ್ದೆ. ಈಗ ಎರಡು ಮಾಡ್ಯೂಲೂ ಕೊಳೆ. ಮೂರನೆಯದು ನನ್ನ ಬಳಿ ಇಲ್ಲ. ಹೊಸ ಪ್ಯಾಚ್ ಕೇಬಲ್ ಇತ್ತು. ಆದರೆ ಅದನ್ನು ಈ ಗಂಟಲುಗಳಿಗೆ ಹಾಕಿದರೆ ಅದೂ ಕೆಡುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದ ನೆಗಡಿ ಎಲ್ಲರಿಗೂ ದಾಟುವ ಹಾಗೆ.

ಮಾಡ್ಯೂಲಿನ ಗಂಟಲು ಬೆಂಕಿಕಡ್ಡಿ ಹಿಡಿಸದಷ್ಟು ಸಣ್ಣದು. ಸೂಜಿಯಂಥ ಕಡ್ಡಿಗೆ ಒಂದೇ ತೊಟ್ಟು ಸ್ಪಿರಿಟ್ ತಾಗಿಸಿ, ಒಳಗೆ ಬಿಟ್ಟು, ಒಂದೇ ದಿಕ್ಕಿಗೆ ತಿರುಗಿಸಿ, ತೆಗೆದು ಎಸೆಯಬೇಕು. ಒಂದು ಕಡ್ಡಿ ಒಂದೇ ಸಲ. ನಾನು ಕಡ್ಡಿ ಹಿಡಿದೆ. ಅದು ತೂತು ತಪ್ಪಿ ಅಂಚಿಗೆ ತಾಗಿತು. ವಯಸ್ಸೋ, ಗಡಿಯಾರವೋ. ಅಮ್ಮಣ್ಣಿ ನನ್ನ ಬೆರಳಿನಿಂದ ಅದನ್ನು ಬಿಡಿಸಿಕೊಂಡಳು.

"ನೀನು ಲೆಕ್ಕ ಇಡು ತಾತಾ, ನಾನು ಒರೆಸ್ತೀನಿ."

ನಾನು ಕೂಗುತ್ತಾ ಹೋದೆ, ಅವಳು ಒರೆಸುತ್ತಾ ಹೋದಳು. ಮೊದಲ ಕಡ್ಡಿ ಕೆಂಪು. ಎರಡನೆಯದು ಕೆಂಪು. ಮೂರನೆಯದು ಗುಲಾಬಿ. ಅಟೆಂಡರ್ ಬೊಗಸೆ ಒಡ್ಡಿ ಪ್ರತಿ ಕಡ್ಡಿಯನ್ನೂ ಪ್ರಸಾದದ ಹಾಗೆ ತೆಗೆದುಕೊಂಡು ಡಬ್ಬಕ್ಕೆ ಹಾಕುತ್ತಿದ್ದ. ಆರನೆಯದು ಬಿಳಿ. ಖಾತ್ರಿಗೆ ಏಳನೆಯದು. ಬಿಳಿ!

ಹೊಸ ಕೇಬಲಿನ ನಾಲ್ಕು ತುದಿಯನ್ನೂ ಪರದೆಯ ಮೇಲೆ ನೋಡಿದೆವು. ನಾಲ್ಕು ಹುಣ್ಣಿಮೆ. ಗೋಡೆಯ ಕಡೆ ಕೂಡಿಸಿದೆ, ಟಕ್. ಸ್ವಿಚ್ಚಿನ ಕಡೆ ಅವಳು ಕೂಡಿಸಿದಳು, ಟಕ್. ಹಸಿರು ದೀಪ ಹೊತ್ತಿತು. ಅಂಕಿ ಬಂತು. ಮೈನಸ್ ಹನ್ನೊಂದು ಪಾಯಿಂಟ್ ಎರಡು.

"ವಂದುಡುಚ್ಚಿ! ಬಂದ್ಬಿಡ್ತು!" ಎಂದು ಅಟೆಂಡರ್ ಕುಣಿದ. ಗಂಟೆ ಒಂದೂ ಕಾಲು.

ಅಧಿಕಾರಿ ಎರಡಕ್ಕೆ ಐದು ನಿಮಿಷ ಇರುವಾಗ ಬಂದರು. ಹೊತ್ತಿಗೆ ಮೊದಲೇ ಬರುವ ಮನುಷ್ಯ. ನನಗೆ ಅಲ್ಲೇ ಹಿಡಿಸಿದರು. ಸ್ವಿಚ್ಚಿನ ದಾಖಲೆ ತೆರೆದು ಕೇಳಿದರು. "ಬೆಳಗ್ಗೆಯಿಂದ ಇಷ್ಟು ಸಲ ಕಡಿದಿದೆ. ಕಾರಣ ಬರೆದುಕೊಡಿ."

ಮೇಡಂ ನನ್ನನ್ನು ನೋಡಿದರು. ಅವರ ಕಣ್ಣು ಕೇಳುತ್ತಿದ್ದದ್ದು ನನಗೆ ತಿಳಿಯಿತು. 'ಕೇಬಲ್ ದೋಷ, ಸರಿಪಡಿಸಲಾಗಿದೆ' ಎಂದು ಬರೆದರೆ ಸುಳ್ಳೂ ಆಗುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ನಿಜ ಬರೆದರೆ, ಪೂಜೆಗೆ ಲಿಂಕ್ ಬಿಚ್ಚುವ ಕೇಂದ್ರ ನಿಮ್ಮದು ಎಂದು ಅಲ್ಲೇ ಎದ್ದು ಹೋಗಬಹುದು. ಪೆನ್ಸಿಲು ಹಿಡಿದು ಅರೆಗಳಿಗೆ ನಿಂತೆ. ಆದರೆ ದೋಷದ ಪುಸ್ತಕದಲ್ಲಿ ಅರ್ಧ ಕಾರಣ ಬರೆದವನು ಮುಂದಿನ ಪಾಳಿಯವನ ಪ್ರಾಣ ತೆಗೆಯುತ್ತಾನೆ ಎಂದು ಕಲಿತವನು ನಾನು. ಬರೆದೆ. 'ಫೈಬರ್ ತುದಿಗೆ ಆಯುಧಪೂಜೆಯ ಕುಂಕುಮ. ಬಿಚ್ಚಿ ಬೊಟ್ಟಿಡಲು ಸ್ಪಷ್ಟವಿಲ್ಲದ ಆದೇಶ ಕೊಟ್ಟವನು ನಾನು. ನೋಡದೆ ಜೋಡಿಸಿ ಎರಡನೆಯ ಮಾಡ್ಯೂಲ್ ಕೊಳೆ ಮಾಡಿದವನೂ ನಾನು. ಒರೆಸಿ, ಕೇಬಲ್ ಬದಲಿಸಿ ಆಗಿದೆ.' ಕೆಳಗೆ ಹಿಂದಿನ ಅಂಕಿ, ಈಗಿನ ಅಂಕಿ, ಸಹಿ.

ಅವರು ಓದಿದರು. ಮತ್ತೊಮ್ಮೆ ಓದಿದರು. "ಕುಂಕುಮ?"

"ಇನ್ಮೇಲೆ ತುದಿಗಿಲ್ಲ ಸಾರ್," ಎಂದು ಅಟೆಂಡರ್ ಮುಂದೆ ಬಂದ. "ಪೆಟ್ಟಿಗೆ ಹೊರಗೆ ಮಾತ್ರ. ಒಂದೇ ಬೊಟ್ಟು. ಸಾಮಿ ಕೋಪ ಮಾಡ್ಕೊಳ್ಳಲ್ಲ."

ಅಧಿಕಾರಿಯ ಮೀಸೆಯಡಿ ಏನೋ ಅಲುಗಿತು. "ಎಲ್ಲ ಕಡೆ 'ತಾಂತ್ರಿಕ ಕಾರಣ' ಅಂತ ಬರೆದುಕೊಡ್ತಾರೆ. ಅದರಿಂದ ನನಗೆ ಏನೂ ತಿಳಿಯಲ್ಲ. ಇದರಿಂದ ತಿಳೀತು," ಎಂದು ಕಾಗದವನ್ನು ಫೈಲಿಗೆ ಹಾಕಿದರು. "ಶುರು ಮಾಡಿ."

ಎರಡು ಗಂಟೆ! ನಲವತ್ತು ಪರದೆ ಒಟ್ಟಿಗೆ ಬೆಳಗಿದವು. ನಾನು ಸ್ವಿಚ್ಚಿನ ಮುಂದೆ ಕೈ ಹಿಂದಕ್ಕೆ ಕಟ್ಟಿ ನಿಂತೆ. ಹತ್ತು ನಿಮಿಷಕ್ಕೊಂದು ಸಲ ಅಂಕಿ ಬರೆದೆ. ಹನ್ನೊಂದು ಪಾಯಿಂಟ್ ಎರಡು. ಹನ್ನೊಂದು ಪಾಯಿಂಟ್ ಎರಡು. ಹನ್ನೊಂದು ಪಾಯಿಂಟ್ ಮೂರು ಬಂದಾಗ ಅಮ್ಮಣ್ಣಿ ನನ್ನ ತೋಳು ಹಿಡಿದಳು. ಮತ್ತೆ ಎರಡಾಯಿತು, ಬಿಟ್ಟಳು. ಮೂರೂ ಹತ್ತಕ್ಕೆ ಕರೆಂಟ್ ಹೋಯಿತು. ಫ್ಯಾನುಗಳು ಸುಸ್ತಾಗಿ ನಿಂತವು, ಬ್ಯಾಟರಿ ಪೆಟ್ಟಿಗೆ ಕೀಂ ಎಂದು ಅರಚಿತು. ಹಸಿರು ದೀಪ ಮಾತ್ರ ರೆಪ್ಪೆ ಬಡಿಯಲಿಲ್ಲ. ನಾಲ್ಕು ಹೊಡೆಯಿತು. ಕಡಿದದ್ದು ಎಷ್ಟು ಸಲ ಎಂಬಲ್ಲಿ ಸೊನ್ನೆ.

ಅಧಿಕಾರಿ ಕಂಪ್ಯೂಟರಿನಲ್ಲಿ ಏನೋ ಒತ್ತಿ, ಮೇಡಂ ಕಡೆ ತಲೆಯಾಡಿಸಿ, ನೀರು ಕುಡಿದು ಹೊರಟರು. ಹಿಗ್ಗಲೂ ಆಗದೆ ಕೂರಲೂ ಆಗದೆ ನಾವು ನಾಲ್ವರೂ ಒಂದೇ ಪರದೆಯ ಮುಂದೆ ನಿಂತಿದ್ದೆವು. ಐದೂ ಐದಕ್ಕೆ ಕೇಂದ್ರಗಳ ಪಟ್ಟಿ ಬಂತು. ಮೇಡಂ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಬೆರಳು ನಿಂತಿತು. ಕೋರಮಂಡಲ್.

ಅವರು ಅಳಲೂ ಇಲ್ಲ, ನಗಲೂ ಇಲ್ಲ. ಫೋನ್ ತೆಗೆದು ಒಂದು ನಂಬರ್ ಒತ್ತಿ, ನಮಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ಬೇತಮಂಗಲದ ಆಚೆ ಹಳ್ಳಿಯ ಹುಡುಗಿ, ಹೋದ ವರ್ಷ ರೈಲು ತಪ್ಪಿಸಿಕೊಂಡವಳು. ಹಿಂದೆ ಹಸು ಕೂಗುತ್ತಿತ್ತು.

"ಬೆಂಗಳೂರು ಬೇಡ ಕಣಮ್ಮಾ. ಸೆಂಟರ್ ಇಲ್ಲೇ, ನಮ್ಮ ಕಾಲೇಜಲ್ಲೇ."

ಆ ಕಡೆ ಹಾಲಿನ ಬಕೆಟ್ ಕೆಳಗಿಟ್ಟ ಸದ್ದಾಯಿತು.

"ನಿಜವಾಗ್ಲೂ ಮೇಡಂ? ಅಂಗಾದ್ರೆ ಅವತ್ತು ಎಷ್ಟೊತ್ಗೆ ಏಳ್ಬೇಕು?"

"ಆರಕ್ಕೆ ಎದ್ರೆ ಸಾಕು," ಎಂದರು ಮೇಡಂ. "ತಿಂಡಿ ತಿಂದ್ಕೊಂಡು ಬಸ್ಸಲ್ಲಿ ಬಾ."